ಮೊದಲ ಕಂತಿನ ಹೆಣ

ನನ್ನ ಕೆಲಸ ಇಷ್ಟೇ:
ಸಿಗರೇಟು ಒಂದು ಶಾಟಿನಲ್ಲಿ ಎರಡು ಬೆರಳುದ್ದ ಇದ್ದರೆ
ಮುಂದಿನದರಲ್ಲಿ ಮೂರಾಗದಂತೆ ನೋಡಿಕೊಳ್ಳುವುದು.
ಲೋಟದ ಬಿಯರು ಇಳಿಯಬಹುದು, ಏರಕೂಡದು.
ಎಡಹುಬ್ಬಿನ ಗಾಯ ಬಲಕ್ಕೆ ದಾಟಕೂಡದು.
ಹೀಗೆ ಹನ್ನೊಂದು ನೋಟುಬುಕ್ಕು ತುಂಬಿದ್ದವು
ಎಂಬತ್ತೇಳರಲ್ಲಿ ಇನ್‌ಸ್ಪೆಕ್ಟರ್ ಸೋವಾ ನಿಂತಾಗ.
ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಮೂಟೆಯ ಪಕ್ಕ
ಪೇರಿಸಿಟ್ಟು ಮರೆತೆ.

ಮೂವತ್ತೊಂದು ವರ್ಷದ ಮೇಲೆ ಫೋನು.
ರಾದಿಮ್ ಅಂತೆ, ನಿರ್ದೇಶಕನಂತೆ, ದನಿಗಿನ್ನೂ ಮೀಸೆ ಬಂದಿಲ್ಲ:
"ಲಿಬುಶೆ ಮೇಡಂ, ಸೋವಾ ಮತ್ತೆ ಬರ್ತಾನೆ,
ನಿಂತ ಜಾಗದಿಂದಲೇ."
ಅದು ಯಾವ ಜಾಗವಪ್ಪಾ?
ಹೊಳೆದಂಡೆ, ಬೆಳಗಿನ ಜಾವ, ಹೊಗೆ, ಅಂದ.

ಹೊಗೆ!
ಆಗ ಓಸ್ಟ್ರಾವಾದಲ್ಲಿ ಕುಲುಮೆಗಳು ಹಗಲಿರುಳು ಉರಿದು
ಬೆಳಿಗ್ಗೆ ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿಬಣ್ಣ.
ನಟನ ಮುಖ ಕಾಣಬೇಕಾದರೆ
ಕ್ಯಾಮೆರಾಕ್ಕೆ ಕಂಬಳಿ ಹೊದಿಸಿ ಗಾಳಿಗೆ ಕಾಯುತ್ತಿದ್ದೆವು.
ಈಗ ಕುಲುಮೆ ಆರಿದೆ,
ಶಾಲೆಮಕ್ಕಳು ಟಿಕೆಟು ಕೊಂಡು ಹತ್ತಿಳಿಯುತ್ತಾರೆ.
ಹೊಗೆ ಬರ್ನೋದಿಂದ ಬಂತು, ಎರಡು ಡಬ್ಬಿ,
ಗಂಟೆಗಿಷ್ಟು ಬಾಡಿಗೆ.
ಅದಕ್ಕೊಂದು ವಾಸನೆಯೂ ಇರಲಿಲ್ಲ.

ಕಚೇರಿಯ ಹಳೇ ಬಾಗಿಲು ಸಿಕ್ಕಿದ್ದು ಒಪಾವಾದ ಒಂದು ಕೋಳಿಗೂಡಲ್ಲಿ.
ಮುದುಕಿ ಕೊಡಲೊಲ್ಲೆ ಅಂದಳು:
ಬಾಗಿಲು ಬದಲಾದರೆ ಕೋಳಿಗಳು ಮೊಟ್ಟೆ ಇಡುವುದಿಲ್ಲವಂತೆ.
ಅಳತೆ ತೆಗೆದು, ಕುಕ್ಕಿದ ಗುರುತೂ ಬಿಡದೆ, ಹೊಸದು ಮಾಡಿಸಿದೆವು.

ಬೊಹುಮೀರನಿಗೆ ಎಪ್ಪತ್ತೊಂಬತ್ತು.
ಸೋವಾ ಎಂದರೆ ಗೂಬೆ; ಈ ಗೂಬೆಗೆ ಎಂಟಕ್ಕೇ ನಿದ್ದೆ.
ಕೋಟು ದೊಡ್ಡದಾಗಿದೆ, ಬೆನ್ನಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು.
ಜೇಬಿನಲ್ಲೊಂದು ಟ್ರಾಮ್ ಟಿಕೆಟು, ತೂತು ಬೀಳದ್ದು.
ಮಾತು ನೆನಪಿರುವುದಿಲ್ಲ. ಬರೆದು ಅಂಟಿಸಿದೆ
ಸಕ್ಕರೆ ಡಬ್ಬಿಗೆ, ಟೋಪಿಯೊಳಕ್ಕೆ, ಆರೋಪಿಯ ಟೈಗೆ.
ಆರೋಪಿಯ ಎದೆಯನ್ನೇ ಇರಿಯುವ ಸೋವಾನ ನೋಟ
ಎಂದು ಪತ್ರಿಕೆಯವರು ಹೊಗಳಿದ್ದಾರಲ್ಲ,
ಅದು ನನ್ನ ಕೈಬರಹ.

ಆಮೇಲೆ ರಾದಿಮ್ ಕೇಳಿದ:
"ಮೊದಲ ಕಂತಲ್ಲಿ ಹೆಣವಾಗಿದ್ದವರು
ಈಗಲೂ ಬದುಕಿದ್ದಾರಾ?"

ಬದುಕಿದ್ದ. ಅಲೊಯಿಸ್ ವ್ರ್ಜಾಲ್,
ಎಂಟನೇ ನಂಬರಿನ ಟ್ರಾಮ್ ಡ್ರೈವರು, ಮುಂದಿನ ತಿಂಗಳು ನಿವೃತ್ತಿ.
ಆಗ ಡಿಪೋದಲ್ಲಿ ಕೆಲಸ ಕಲಿಯುವ ಹುಡುಗ,
ನಲವತ್ತು ಕ್ರೌನಿಗೆ, ಒಂದು ಬಟ್ಟಲು ಸಾರಿಗೆ
ಇಡೀ ಬೆಳಗ್ಗೆ ಸತ್ತಿದ್ದ.
ಈಗ ಉಸಿರು ಕಟ್ಟಿದರೆ ಹೊಟ್ಟೆ ಬಿಡುವುದಿಲ್ಲ,
ಏರುತ್ತದೆ, ಇಳಿಯುತ್ತದೆ.
"ಹಿಂದೆ ಚೆನ್ನಾಗಿ ಸಾಯ್ತಿದ್ದೆ" ಅಂತ ತಾನೇ ಬೇಜಾರು ಮಾಡಿಕೊಂಡ.

ಒಂದನೇ ನೋಟುಬುಕ್ಕು, ನಾಲ್ಕನೇ ಪುಟ:
ಎಡಗಾಲು ನೀರಲ್ಲಿ. ಬಲ ಅಂಗೈ ಮೇಲಕ್ಕೆ. ಉಂಗುರ ಇಲ್ಲ.

ಉಂಗುರ ಇತ್ತು.
ಸೋಪು ಹಚ್ಚಿದೆವು, ಬೆಣ್ಣೆ ಹಚ್ಚಿದೆವು, ದಾರ ಸುತ್ತಿದೆವು.
"ವ್ಲಾಸ್ತಾ ಇದ್ದಾಗಲೇ ಬರ್ತಿರಲಿಲ್ಲ" ಅಂದ,
ಬೇರೇನೂ ಹೇಳಲಿಲ್ಲ.
ಮೇಕಪ್ಪಿನ ಹುಡುಗಿ ಚರ್ಮದ ಬಣ್ಣದ ಮೇಣ ಮೆತ್ತಿದಳು.

ಅಕ್ಟೋಬರಿನ ಹೊಳೆ. ನಾಲ್ಕು ಡಿಗ್ರಿ.
ಬಾಡಿಗೆ ಹೊಗೆ ಬಿಟ್ಟರು.
ಬೊಹುಮೀರ್ ಬಂದ, ಮಂಡಿಯೂರಿದ,
ಟೋಪಿ ತೆಗೆದು ಒಳಗೆ ನೋಡಿದ.
ಚೀಟಿ ನೆನೆದು ಅಕ್ಷರ ಹರಡಿತ್ತು.
ಹೆಣದ ಕೈ ಹಿಡಿದ.
ಮೇಣ ಕರಗಿ ಉಂಗುರ ಹೊಳೆಯುತ್ತಿತ್ತು.
"ಇವನಿಗೆ ಯಾರೋ ಇದ್ದರು" ಅಂದ.
ಸ್ಕ್ರಿಪ್ಟಿನಲ್ಲಿ ಇಲ್ಲದ್ದು.
ನಾನು ಕೈ ಎತ್ತಬೇಕಿತ್ತು, ಅದಕ್ಕೇ ಸಂಬಳ ನನಗೆ.
ಎತ್ತಲಿಲ್ಲ.
ಅವನು ಕೋಟು ಬಿಚ್ಚಿದ, ಕ್ಲಿಪ್ಪುಗಳು ಕಲ್ಲಿನ ಮೇಲೆ ಟಪಟಪ ಬಿದ್ದವು,
ಅಲೊಯಿಸನಿಗೆ ಹೊದಿಸಿದ.
ಅಷ್ಟರಲ್ಲಿ, ಬೆಳಗಿನ ಪಾಳಿ ಮುಗಿಸಿ ಬಂದವನಲ್ಲವೇ,
ಹೆಣಕ್ಕೆ ನಿಜವಾಗಿಯೂ ನಿದ್ದೆ ಹತ್ತಿತ್ತು.

ಕಂತು ಪ್ರಸಾರವಾಗಿ ಹದಿನೇಳು ಕಾಗದ ಬಂದವು:
ಒಂದು ಶಾಟಿನಲ್ಲಿ ಉಂಗುರವಿಲ್ಲ,
ಮುಂದಿನದರಲ್ಲಿ ಇದೆ, ಇದೆಂಥ ಅಜಾಗರೂಕತೆ.
ಹದಿನಾರಕ್ಕೆ ಉತ್ತರ ಬರೆದೆ: ತಪ್ಪು ನನ್ನದು.
ಹದಿನೇಳನೆಯದು ಕಾರ್ವಿನಾದ ಒಬ್ಬಾಕೆಯದು.
ಉಂಗುರದ ಮಾತೇ ಇಲ್ಲ ಅದರಲ್ಲಿ,
ಬರೀ ಕೇಳಿದ್ದಳು, ಆ ಮನುಷ್ಯ
ಹೆಚ್ಚು ಹೊತ್ತು ನೀರಲ್ಲಿ ಇರಬೇಕಾಯಿತೇ ಎಂದು.